ಪ್ರಬಂಧ ಓದಿಸುವಾಗ ‘ಎಂಬ’ಕ್ಕೆ ಗೆರೆ ಹಾಕಿಸಿ

ಪಿಯು ತರಗತಿಯಲ್ಲಿ ವೈಚಾರಿಕ ಪ್ರಬಂಧ ಕೊಟ್ಟು ‘ಗುಂಪಿನಲ್ಲಿ ಚರ್ಚಿಸಿ’ ಎಂದರೆ ಐದು ನಿಮಿಷಕ್ಕೆ ಮಾತು ಮುಗಿಯುತ್ತದೆ, ಇಲ್ಲವೇ ಕ್ರಿಕೆಟ್‌ ಕಡೆ ಹೊರಳುತ್ತದೆ. ಮಕ್ಕಳಿಗೆ ಸಂಕೋಚ ಎಂದು ಸುಮ್ಮನಾಗುತ್ತೇವೆ. ಬಹಳ ಸಲ ತಪ್ಪಿರುವುದು ನಮ್ಮ ಪ್ರಶ್ನೆಯಲ್ಲಿ. ‘ಲೇಖಕರ ಅಭಿಪ್ರಾಯವೇನು?’ ಎಂಬುದಕ್ಕೆ ಹಾಳೆ ನೋಡದೆಯೂ ಉತ್ತರಿಸಬಹುದು. ಗೈಡಿನಲ್ಲಿ ಸಿದ್ಧವಾಗಿಯೇ ಇರುತ್ತದೆ.

ಕನ್ನಡ ಗದ್ಯದಲ್ಲಿ ಮಕ್ಕಳು ಎಡವುವ ಜಾಗವೊಂದಿದೆ, ಚರ್ಚೆ ಅಲ್ಲಿಂದಲೇ ಶುರುವಾಗಲಿ. ಈ ವಾಕ್ಯ ನೋಡಿ: ‘ಇಂಗ್ಲಿಷ್ ಇಲ್ಲದೆ ಕೆಲಸ ಸಿಗದು, ಆದ್ದರಿಂದ ಹಳ್ಳಿಯ ಮಕ್ಕಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮ ಬೇಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ.’ ಓದುವ ಹುಡುಗ ‘ಬೇಕು’ ಎಂಬಲ್ಲಿಗೇ ಅರ್ಥ ಮಾಡಿಕೊಂಡು ಮುಗಿಸಿರುತ್ತಾನೆ. ಅದು ಬೇರೆಯವರ ಮಾತು ಎಂದು ತಿಳಿಸುವ ‘ಎಂಬ’ ಕೊನೆಯಲ್ಲಿ ಬರುತ್ತದೆ. ಅಲ್ಲಿಗೆ ಲೇಖಕರು ಖಂಡಿಸಲೆಂದೇ ಎತ್ತಿಕೊಂಡ ವಾದ ಅವರದೇ ನಿಲುವಾಗಿಬಿಡುತ್ತದೆ. ವ್ಯಂಗ್ಯವೂ ಬೆರೆತಿದ್ದರಂತೂ ಮುಗಿಯಿತು.

ಹಾಗಾಗಿ ಓದುವಾಗಲೇ ಪೆನ್ಸಿಲ್ ಕೈಯಲ್ಲಿರಲಿ. ‘ಎಂಬ’, ‘ಎಂದು’, ‘ಅಂತೆ’, ‘ಎನ್ನುವವರಿದ್ದಾರೆ’ ಕಂಡಲ್ಲೆಲ್ಲ ಅಡಿಗೆರೆ ಹಾಕಿ, ಅದು ಯಾರ ಮಾತು ಎಂದು ಪಕ್ಕದ ಅಂಚಿನಲ್ಲಿ ಬರೆಯಬೇಕು. ‘ಆದರೆ’, ‘ಹಾಗೆಂದು’ ಇರುವಲ್ಲಿ ಸುತ್ತು ಹಾಕಲಿ. ವಾದ ತಿರುಗುವುದು ಹೆಚ್ಚಾಗಿ ಅಲ್ಲೇ. ಗುಂಪಿಗೆ ಕೊಡುವ ಪ್ರಶ್ನೆ ಎರಡೇ ಸಾಕು: ಯಾವ ಗೆರೆಯ ಪಕ್ಕದಲ್ಲಿ ನಿಮ್ಮ ನಾಲ್ವರ ಬರಹ ಬೇರೆಬೇರೆಯಾಗಿದೆ? ಎದುರಾಳಿಯ ಮಾತನ್ನು ಲೇಖಕರು ಎಲ್ಲಿ ಸ್ವಲ್ಪವಾದರೂ ಒಪ್ಪಿಕೊಂಡಿದ್ದಾರೆ? ಎರಡಕ್ಕೂ ಹಾಳೆಗೇ ಮರಳಬೇಕು, ಬೇರೆ ದಾರಿಯಿಲ್ಲ.

ತಯಾರಿ ದೊಡ್ಡದೇನಲ್ಲ. ಆರೇಳು ನೂರು ಪದ ಮೀರದ ಪ್ರಬಂಧ, ಪ್ಯಾರಾಗಳಿಗೆ ಸಂಖ್ಯೆ, ತಲೆಗೊಂದು ಜೆರಾಕ್ಸ್. ಇಬ್ಬರಿಗೊಂದು ಪ್ರತಿ ಕೊಟ್ಟು ಉಳಿತಾಯ ಮಾಡಬೇಡಿ, ಅಂಚಿನ ಬರಹವೇ ಹೋಗುತ್ತದೆ. ಇಂಗ್ಲಿಷ್ ಮಾಧ್ಯಮದಿಂದ ಬಂದು ಕನ್ನಡವನ್ನು ತಡವರಿಸಿ ಓದುವವರಿಗೆ ಪ್ರತಿ ಹಿಂದಿನ ದಿನವೇ ಸಿಗಲಿ. ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ನಾಲ್ವರ ಗುಂಪು ಆಯಿತು. ಆರು ಜನರಾದರೆ ಇಬ್ಬರು ಮಾತಾಡುತ್ತಾರೆ, ಮಿಕ್ಕವರು ಹೂಂಗುಟ್ಟುತ್ತಾರೆ.

55 ನಿಮಿಷದ ಅವಧಿಯಲ್ಲಿ ಕೂರಲು 5, ಮೌನವಾಗಿ ಓದಿ ಗೆರೆ ಹಾಕಲು 15, ಚರ್ಚೆಗೆ 18, ವರದಿಗೆ 12, ಬರೆಯಲು 5. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದು ಬೇಡ. ಕೇಳುವವರ ಕಣ್ಣು ಕಿಟಕಿಯಲ್ಲಿರುತ್ತದೆ. ಮಾತಾಡುವವರು ಮೊದಲು ಪ್ಯಾರಾ ಸಂಖ್ಯೆ ಹೇಳಲಿ. ನೀವು ಗುಂಪಿನ ಬಳಿ ಹೋದರೆ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, ಎಲ್ಲರೂ ನಿಮ್ಮ ಮುಖ ನೋಡಿ ‘ಸರಿಯಾ ಸಾರ್?’ ಎನ್ನತೊಡಗುತ್ತಾರೆ. ಗದ್ದಲ ಇರಲಿ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಡಿ.

ವರದಿಯಲ್ಲೇ ಸಮಯ ಕೈತಪ್ಪುವುದು. 60 ಮಕ್ಕಳೆಂದರೆ 15 ಗುಂಪು, ಎರಡೆರಡು ನಿಮಿಷವೆಂದರೂ ಅರ್ಧ ಗಂಟೆ. ಚೀಟಿ ಎತ್ತಿ ಮೂರೇ ಗುಂಪುಗಳನ್ನು ಕರೆಯಿರಿ. ಗುಂಪಿನಲ್ಲಿ ಯಾರು ಎದ್ದು ನಿಲ್ಲಬೇಕು ಎಂಬುದೂ ಚೀಟಿಯಲ್ಲೇ ತೀರ್ಮಾನವಾಗಲಿ. ಇಲ್ಲದಿದ್ದರೆ ಪ್ರತಿ ಸಲ ಅದೇ ವಾಚಾಳಿ ಎದ್ದು ನಿಲ್ಲುತ್ತಾನೆ.

ಕೊನೆಯ ಐದು ನಿಮಿಷದಲ್ಲಿ ಪ್ರತಿಯೊಬ್ಬರೂ ಇನ್ನೂ ಬಗೆಹರಿಯದ ಒಂದು ವಾಕ್ಯವನ್ನು ಪ್ಯಾರಾ ಸಂಖ್ಯೆಯೊಂದಿಗೆ ತುಂಡು ಕಾಗದದಲ್ಲಿ ಬರೆದುಕೊಡಲಿ. ಸ್ಟಾಫ್‌ರೂಮಿನಲ್ಲಿ ಚಹಾ ಮುಗಿಯುವಷ್ಟರಲ್ಲಿ ಅವನ್ನು ವಿಂಗಡಿಸಬಹುದು. ಹೆಚ್ಚು ಚೀಟಿ ಯಾವ ಪ್ಯಾರಾಕ್ಕೆ ಬಿದ್ದಿದೆಯೋ, ಮರುದಿನದ ಪಾಠ ಅಲ್ಲಿಂದ.