ಸುಮ್ನೆ ಬಂದ್ರಾ?

ಮಂಗಳವಾರದಿಂದ ಎರಡೇ ಎರಡು ಪದ ತಲೆಯಲ್ಲಿ ಕೂತುಬಿಟ್ಟಿವೆ. "ಸುಮ್ನೆ ಬಂದ್ರಾ?"

ಆಗಿದ್ದು ಇಷ್ಟೇ. ಫೈಲು ಸಹೋದ್ಯೋಗಿಯ ಬೈಕಿನಲ್ಲೇ ಉಳಿದಿತ್ತು, ಅವನು ಇನ್ನೊಂದು ಮನೆಗೆ ಹೋಗಿದ್ದ. ನಾನು ಬರಿಗೈಯಲ್ಲಿ ಬಾಗಿಲಲ್ಲಿ ನಿಂತಿದ್ದೆ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವ ಒಬ್ಬರ ಮನೆ ಅದು. ಅಲ್ಲಿಗೆ ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ. ಹೋದಾಗಲೆಲ್ಲ ಗೋಡೆಗೆ ಒರಗಿ ನಿಂತೇ ಉತ್ತರ ಕೊಡುತ್ತಿದ್ದರು. ನಿದ್ದೆ? ಬರುತ್ತೆ. ಕಿವಿಯಲ್ಲಿ ಯಾರಾದ್ರೂ ಮಾತಾಡ್ತಾರಾ? ಇಲ್ಲ. ಅವತ್ತು ಮಾತ್ರ ನನ್ನ ಖಾಲಿ ಕೈ ನೋಡಿದರು, ಮುಖ ನೋಡಿದರು. "ಸುಮ್ನೆ ಬಂದ್ರಾ?"

"ಹೂಂ, ಸುಮ್ನೆ" ಅಂದುಬಿಟ್ಟೆ.

ಶುದ್ಧ ಸುಳ್ಳು. ನಾಲ್ಕು ವಾರಕ್ಕೊಮ್ಮೆ ತಗೊಳ್ಳಬೇಕಾದ ಇಂಜೆಕ್ಷನ್ ತಪ್ಪಿ ಒಂಬತ್ತು ದಿನ ಆಗಿತ್ತು. ಅದನ್ನು ಕೇಳಲೆಂದೇ ಹೋಗಿದ್ದು.

ಒಳಗಿಂದ ಕುರ್ಚಿ ತಂದು ಹಾಕಿದರು. ಇನ್ನೊಂದು ತಂದು ತಾವೂ ಕೂತರು. ಹಳೇ ರೇಡಿಯೋ ಒಂದನ್ನು ಬಿಚ್ಚಿಟ್ಟುಕೊಂಡಿದ್ದಾರಂತೆ. ಅರ್ಧ ಗಂಟೆ ಅದೇ ಮಾತು. "ಮಾತು ಕಡಿಮೆ" ಅಂತ ಪ್ರತಿ ವರ್ಷ ಫೈಲಿನಲ್ಲಿ ಬರೆದವರು ಬೇರೆ ಯಾರೂ ಅಲ್ಲ, ನಾನೇ.

ನಡುವೆ ಅವರ ಅಣ್ಣ ಬಂದು, "ಕಾಯಿಲೆ ಗೀಯಿಲೆ ಏನಿಲ್ಲ ಮೇಡಂ, ಸೋಮಾರಿತನ" ಅಂದರು. ತಮ್ಮ ತಕ್ಷಣ ಬಾಯಿ ಮುಚ್ಚಿಕೊಂಡರು. ಆ ಅಣ್ಣನನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಮನೆ ನಡೆಸುತ್ತಿರುವುದು ಅವರೇ, ಸುಸ್ತಾಗಿದ್ದಾರೆ, ಗೊತ್ತು. ಆದರೂ. ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ 1950ರ ದಶಕದಲ್ಲೇ ಲಂಡನ್ನಿನಲ್ಲಿ ಇದರ ಬೆನ್ನು ಹತ್ತಿದ್ದರು. ಆಸ್ಪತ್ರೆಯಿಂದ ಬಿಡುಗಡೆಯಾದವರಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಎನ್ನುವುದು ಅವರು ಹೋಗಿ ಸೇರುವ ಮನೆಯ ಮೇಲೂ ನಿಂತಿದೆ ಅನ್ನುವುದು ಆಗ ಕಂಡಿತು. ಸದಾ ಟೀಕೆ ಇರುವ ಮನೆಯಲ್ಲಿ ಮರುಕಳಿಸುವುದು ಜಾಸ್ತಿ. ಇದನ್ನು ಅಣ್ಣನಿಗೆ ಎಷ್ಟೋ ಸಲ ಹೇಳಿದ್ದೇನೆ. ಹಾಗೆ ಹೇಳುವಾಗ ನಾನೂ ಟೀಕೆಯನ್ನೇ ಮಾಡುತ್ತಿದ್ದೆ ಅನ್ನೋದು ಬೇರೆ ಮಾತು.

ಹೊರಗೆ ಬಂದಾಗ ಸಹೋದ್ಯೋಗಿ ಕೇಳಿದ, "ಇಂಜೆಕ್ಷನ್ ವಿಷಯ?" ಕೇಳಿರಲಿಲ್ಲ. ಅವನಿಗೆ ಸಿಟ್ಟು ಬಂತು, ಬರಬೇಕಾದ್ದೇ. ಸ್ನಾಯುವಿಗೆ ಕೊಟ್ಟ ಆ ಮದ್ದು ವಾರಗಟ್ಟಲೆ ಮೈಯಲ್ಲಿರುತ್ತದೆ. ಹಾಗಾಗಿ ತಪ್ಪಿಸಿದ ಕೂಡಲೇ ಏನೂ ಆಗುವುದಿಲ್ಲ. ಮೋಸ ಇರುವುದೇ ಅಲ್ಲಿ. "ನೋಡಿ, ಮದ್ದಿಲ್ಲದೆ ಚೆನ್ನಾಗಿದ್ದಾನೆ" ಅಂತ ಮನೆಯವರು ಸಮಾಧಾನ ಪಡುತ್ತಾರೆ. ತಿಂಗಳುಗಳಾದ ಮೇಲೆ ಕಾಯಿಲೆ ಸದ್ದಿಲ್ಲದೆ ವಾಪಸ್ ಬಂದಿರುತ್ತದೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಇಂಜೆಕ್ಷನ್ನಿಗಿಂತ ಆ ಪ್ರಶ್ನೆಯೇ ಕಾಡಿತು. ಹನ್ನೊಂದು ವರ್ಷದಲ್ಲಿ ಆ ಮನೆಗೆ, ಅವರನ್ನು ನೋಡಲೆಂದು ಸುಮ್ನೆ ಬಂದವರು ಯಾರು? ನಾನು, ಡಾಕ್ಟರು, ನರ್ಸು. ಎಲ್ಲರೂ ಕೆಲಸದ ಮೇಲೆ ಬಂದವರೇ. ಅವರ ಹಳೇ ಗೆಳೆಯರ ಹೆಸರನ್ನು ಕೇಳುವ ಒಂದು ಕಾಲಂ ಕೂಡ ನಮ್ಮ ಫಾರಂನಲ್ಲಿಲ್ಲ. ನನ್ನ ಪಾಡೂ ಅಷ್ಟೇ ಅನ್ನಿ. ನೆಂಟರ ಮನೆಗೆ ಹೋದರೂ ಬಾಯಿಗೆ ಬರೋದು "ನಿದ್ದೆ ಚೆನ್ನಾಗಿ ಬರುತ್ತಾ?"

ಗುರುವಾರ ಮತ್ತೆ ಹೋದೆ, ಫೈಲು ಹಿಡಿದು. ಮೊನ್ನೆ ಸುಳ್ಳು ಹೇಳಿದ್ದೆ ಅಂತಲೂ ಒಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ. ಕುರ್ಚಿಯನ್ನೂ ತರಲಿಲ್ಲ. ಶರ್ಟು ಹಾಕಿಕೊಂಡು ಚಪ್ಪಲಿ ಮೆಟ್ಟಿ ಕ್ಲಿನಿಕ್ಕಿಗೆ ಹೊರಟರು.

ದಾರಿಯಲ್ಲಿ ನಾನೇ ಕೇಳಿದೆ, ರೇಡಿಯೋ ಏನಾಯ್ತು ಅಂತ.

"ನಡೀತಿದೆ" ಅಂದರು.