ಎಪ್ಪತ್ತೇಳು ನಿಮಿಷದ ಜಗಳ

ಏಪ್ರಿಲ್ 27 ನೆದರ್‌ಲ್ಯಾಂಡ್ಸ್‌ನಲ್ಲಿ ರಾಜನ ಹುಟ್ಟುಹಬ್ಬ. ಆ ದಿನ ಊರಿಗೆ ಊರೇ ಕಿತ್ತಳೆ ಬಣ್ಣ. 2023ರ ಆ ದಿನ ಐಂಡ್‌ಹೋವನ್‌ನಿಂದ ಆಮ್‌ಸ್ಟರ್‌ಡ್ಯಾಮ್ ಕಡೆ ಹೊರಟ ರೈಲಿನಲ್ಲಿ ಕಿತ್ತಳೆ ಟೋಪಿ, ಕಿತ್ತಳೆ ಶಾಲು, ಕೆನ್ನೆಗೆ ಬಣ್ಣ ಬಳಿದುಕೊಂಡ ಮಕ್ಕಳು. ಅವರ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಕಪ್ಪು ಟೀ ಶರ್ಟಿನವರು. ಒಬ್ಬರಿಗೊಬ್ಬರ ಪರಿಚಯವಿಲ್ಲ, ಎದೆಯ ಮೇಲಿದ್ದ ಹೆಸರು ಮಾತ್ರ ಒಂದೇ: ಮೆಟಾಲಿಕಾ, ಅಮೆರಿಕದ ಹೆವಿ ಮೆಟಲ್ ಬ್ಯಾಂಡ್. ಆ ಸಂಜೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವರ ಸಂಗೀತ ಕಛೇರಿ. ರೈಲು ಡೆನ್ ಬಾಷ್ ದಾಟುವಷ್ಟರಲ್ಲಿ ನಾವು ಆರು ಜನ ಬಾಗಿಲ ಹತ್ತಿರ ಗುಂಪು ಕಟ್ಟಿಕೊಂಡು ಜೋರು ಚರ್ಚೆಗೆ ಇಳಿದಿದ್ದೆವು.

ಎರಡು ವಾರದ ಹಿಂದೆ, ಏಪ್ರಿಲ್ 14ಕ್ಕೆ, ಅವರ ಹೊಸ ಆಲ್ಬಂ '72 ಸೀಸನ್ಸ್' ಬಂದಿತ್ತು. ಅದಕ್ಕೆ ಮುಂಚಿನ ಸ್ಟುಡಿಯೋ ಆಲ್ಬಂ ಬಂದದ್ದು 2016ರ ನವೆಂಬರ್‌ನಲ್ಲಿ. ಆರು ವರ್ಷಕ್ಕೂ ಮೇಲೆ ಕಾದವರ ಕೈಗೆ ಹನ್ನೆರಡು ಹಾಡು, 77 ನಿಮಿಷ ಬಂದು ಬಿದ್ದಿತ್ತು. ಜಗಳ ಹುಟ್ಟಿದ್ದು ಆ 77ರಿಂದಲೇ.

ನನ್ನ ಜೊತೆ ಬಂದಿದ್ದವನು ಆಫೀಸಿನ ಗೆಳೆಯ, ಉತ್ತರದ ಫ್ರೀಸ್‌ಲ್ಯಾಂಡ್ ಕಡೆಯವನು, ಐವತ್ತು ದಾಟಿದವನು. ಅವನ ವಾದ ಸರಳ: "ಐವತ್ತು ನಿಮಿಷಕ್ಕೆ ಮುಗಿಸಿದ್ದರೆ ಇದು ಒಳ್ಳೆಯ ಆಲ್ಬಂ. ಇವರಿಗೆ ಕತ್ತರಿ ಹಾಕು ಅಂತ ಹೇಳುವವರು ಯಾರೂ ಉಳಿದಿಲ್ಲ." ಮಧ್ಯದ ನಾಲ್ಕೈದು ಹಾಡು ಒಂದೇ ನಡೆಯಲ್ಲಿ ಹೋಗುತ್ತವೆ, ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದೇ ಕಷ್ಟ ಅಂತ ಅವನ ದೂರು. ಉಟ್ರೆಕ್ಟ್‌ನಲ್ಲಿ ಹತ್ತಿದ ಹುಡುಗಿಯೊಬ್ಬಳಿಗೆ ಗಿಟಾರ್ ವಾದಕ ಕಿರ್ಕ್ ಹ್ಯಾಮೆಟ್‌ನ ಸೋಲೋಗಳ (ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಮೇಲೆ ಸಿಟ್ಟು. ಎಲ್ಲದಕ್ಕೂ ಗಿಟಾರ್ ಸದ್ದನ್ನು 'ವಾ ವಾ' ಅನ್ನಿಸುವ ಅದೇ ವಾ ಪೆಡಲ್, ಒಂದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಅಂದಳು. ಪಕ್ಕದಲ್ಲಿದ್ದವನು ತಕ್ಷಣ ತಿರುಗಿಬಿದ್ದ: "2003ರ 'ಸೇಂಟ್ ಆ್ಯಂಗರ್'ನಲ್ಲಿ ಒಂದೂ ಸೋಲೋ ಇಲ್ಲ ಅಂತ ಜನ ಬೊಬ್ಬೆ ಹೊಡೆದರು. ಈಗ ಇದ್ದರೂ ತಪ್ಪು ಅಂದರೆ ಹೇಗೆ?" ಆ ಆಲ್ಬಂನ ಡ್ರಮ್ ಸದ್ದು ನೆನಪಿದೆಯಲ್ಲ, ಖಾಲಿ ಕೊಡಪಾನ ಬಡಿದ ಹಾಗೆ? ಅದರ ಮಾತು ಬಂದರೆ ಈ ದೇಶದಲ್ಲೂ ಜನ ಕಿವಿ ಮುಚ್ಚಿಕೊಳ್ಳುತ್ತಾರೆ.

ನಾನು '72 ಸೀಸನ್ಸ್'ನ ಪರ ನಿಂತೆ. ಯಾಕೆ ಅನ್ನುವುದನ್ನು ಅವತ್ತು ರೈಲಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಕನ್ನಡದಲ್ಲಾದರೆ ಹೇಳಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ಎಪ್ಪತ್ತೆರಡು ಋತು ಅಂದರೆ ವರ್ಷಕ್ಕೆ ನಾಲ್ಕರಂತೆ ಹದಿನೆಂಟು ವರ್ಷ. ಮನುಷ್ಯನ ಮೊದಲ ಹದಿನೆಂಟು ವರ್ಷ ಅವನನ್ನು ಏನು ಮಾಡಿಬಿಡುತ್ತದೆ ಅನ್ನುವುದೇ ಆಲ್ಬಂನ ವಿಷಯ. (ನಮ್ಮಲ್ಲಿ ವರ್ಷಕ್ಕೆ ಆರು ಋತು, ಹಾಗಾಗಿ ನಮ್ಮ ಲೆಕ್ಕದಲ್ಲಿ 108 ಆಗುತ್ತದೆ ಅಂತ ಗೆಳೆಯನಿಗೆ ಹೇಳಿದೆ. ಜಪಮಾಲೆಯ ಮಣಿಗಳೂ 108 ಅಂದಾಗ ಅವನಿಗೆ ಬಹಳ ಖುಷಿಯಾಯಿತು.) ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್‌ಗೆ ಹದಿಮೂರು ವರ್ಷವಿದ್ದಾಗ ಅಪ್ಪ ಮನೆ ಬಿಟ್ಟು ಹೋದ. ಹದಿನಾರಕ್ಕೆ ಅಮ್ಮ ಕ್ಯಾನ್ಸರ್‌ನಿಂದ ತೀರಿಕೊಂಡಳು. ವೈದ್ಯರ ಬಳಿ ಹೋಗದೆ ಪ್ರಾರ್ಥನೆಯಿಂದಲೇ ರೋಗ ವಾಸಿಯಾಗಬೇಕು ಅನ್ನುವ ಪಂಥದ ಮನೆ ಅದು. 2019ರಲ್ಲಿ ಹೆಟ್‌ಫೀಲ್ಡ್ ಮತ್ತೆ ವ್ಯಸನಮುಕ್ತಿ ಚಿಕಿತ್ಸೆಗೆ ಸೇರಿದ, ಆಸ್ಟ್ರೇಲಿಯಾ ಪ್ರವಾಸ ನಿಂತುಹೋಯಿತು. ಅದಾದ ಮೇಲಿನ ಮೊದಲ ಸ್ಟುಡಿಯೋ ಆಲ್ಬಂ ಇದು. ಹಳದಿ ಮುಖಪುಟದ ಮೇಲೆ ಸುಟ್ಟು ಕಪ್ಪಾದ ಮಗುವಿನ ತೊಟ್ಟಿಲು. ಅದನ್ನು ಕೈಯಲ್ಲಿ ಹಿಡಿದು ಕೇಳಿದರೆ ಮಧ್ಯದ ಹಾಡುಗಳು ಒಂದೇ ಜಾಗದಲ್ಲಿ ಸುತ್ತುವುದಕ್ಕೂ ಒಂದು ಕಾರಣ ಕಾಣುತ್ತದೆ. ಗಾಯ ಇರುವ ಕಡೆಯೇ ಕೈ ಹೋಗುತ್ತಿರುತ್ತದಲ್ಲ, ಹಾಗೆ.

ಕತ್ತರಿ ಬೇಕಿತ್ತು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಮೂರು ಹಾಡು ತೆಗೆದರೆ ಆಲ್ಬಂಗೆ ಏನೂ ನಷ್ಟವಿಲ್ಲ. ಆದರೆ ಕೊನೆಯ ಹಾಡು 'ಇನಮೊರಾಟಾ' ಇದೆಯಲ್ಲ, ಹನ್ನೊಂದು ನಿಮಿಷ ಚಿಲ್ಲರೆಯದು, ಮೆಟಾಲಿಕಾದ ಸ್ವಂತ ಹಾಡುಗಳಲ್ಲೇ ಅತಿ ಉದ್ದದ್ದು, ಅದರ ಒಂದು ನಿಮಿಷವನ್ನೂ ನಾನು ಬಿಟ್ಟುಕೊಡುವುದಿಲ್ಲ. ದುಃಖವನ್ನೇ ಪ್ರೇಯಸಿ ಅಂತ ಕರೆಯುವ ಹಾಡು ಅದು. ಮಧ್ಯದಲ್ಲಿ ಗಿಟಾರ್‌ಗಳು ಹಿಂದೆ ಸರಿದು ರಾಬರ್ಟ್ ಟ್ರುಹಿಯೋನ ಬೇಸ್ (ಮಂದ್ರ ಸ್ವರದ ಗಿಟಾರ್) ಸಣ್ಣಗೆ ನಡೆಯುತ್ತದೆ. ಆ ಜಾಗ ನಾಲ್ಕು ಗೋಡೆಯ ಕೋಣೆಯಲ್ಲಿ ಒಬ್ಬನೇ ಕೂತ ಹಾಗಿದೆ. ಅಲ್ಲಿಂದ ಅವರು ಅವಸರವಿಲ್ಲದೆ ಮತ್ತೆ ಕಟ್ಟುತ್ತಾ ಬರುವುದನ್ನು ಕೇಳಿದರೆ, ಇಪ್ಪತ್ತು ವರ್ಷದ ಹುಡುಗರಿಂದ ಇದು ಆಗುವುದಿಲ್ಲ ಅನ್ನಿಸುತ್ತದೆ.

ನನಗೆ ಈ ಬಗೆಯ ಜಗಳ ಹೊಸದಲ್ಲ. ಚಿಕ್ಕವನಿದ್ದಾಗ ತಾತ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ರಾಮನವಮಿ ಕಛೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ವಯಸ್ಸಾದ ವಿದ್ವಾಂಸರೊಬ್ಬರ ಕಛೇರಿ ಮುಗಿಸಿ ನಡೆದು ಬರುವಾಗ ತಾತನ ಗೆಳೆಯರೊಬ್ಬರು "ಶಾರೀರ ಹೋಗಿದೆ ಕಣ್ರೀ, ಇನ್ನು ಹಾಡಬಾರದು" ಅಂದರು. ತಾತ ರಸ್ತೆಯಲ್ಲೇ ನಿಂತುಬಿಟ್ಟರು. "ಮೇಲೆ ತಾರ ಷಡ್ಜ ಮುಟ್ಟಲಿಲ್ಲ, ನಿಜ. ಕೆಳಗೆ ಮಂದ್ರದಲ್ಲಿ ಎಷ್ಟು ಹೊತ್ತು ನಿಂತರು, ಅದನ್ನ ಕೇಳಿದ್ರಾ?" ಮೆಟಾಲಿಕಾದವರೂ 1990ರ ದಶಕದಿಂದ ವೇದಿಕೆಯ ಮೇಲೆ ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡೇ ನುಡಿಸುತ್ತಾರೆ. ಅದನ್ನು ಸೋಲು ಅಂತ ಎಣಿಸುವವರಿಗೆ ನಾನು ತಾತನ ಮಾತನ್ನೇ ಹೇಳುತ್ತೇನೆ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆ ದಿನ ಬೀದಿ ಬೀದಿಯಲ್ಲಿ ಜನ ಮನೆಯ ಹಳೆ ಸಾಮಾನು ಮಾರುತ್ತಾರೆ. ಹತ್ತು ವರ್ಷದ ಹುಡುಗನೊಬ್ಬ ಫುಟ್‌ಪಾತ್ ಮೇಲೆ ಕಂಬಳಿ ಹಾಸಿ ಆಟದ ಸಾಮಾನು, ಒಂದು ಇಸ್ತ್ರಿ ಪೆಟ್ಟಿಗೆ, ಇಪ್ಪತ್ತು ಮೂವತ್ತು ಸಿಡಿ ಇಟ್ಟುಕೊಂಡಿದ್ದ. ಅದರಲ್ಲಿ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಇತ್ತು. ಡಬ್ಬಿಯ ಒಂದು ಕಿವಿ ಮುರಿದಿತ್ತು, ಒಳಗಿನ ಹಾಳೆಯ ಮೇಲೆ ಕಾಫಿ ಲೋಟದ ಉಂಗುರ. ಒಂದು ಯೂರೋ ಕೊಟ್ಟೆ. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಹುಡುಗನ ಅಪ್ಪ ನನ್ನ ಟೀ ಶರ್ಟ್ ನೋಡಿ ಎದ್ದು ಬಂದು, ಅದು ತನ್ನ ಸಿಡಿ, ಇವತ್ತಿನ ಕಛೇರಿಗೆ ಟಿಕೆಟ್ ಸಿಗಲಿಲ್ಲ ಅಂದ. ಹೊಸದು ಹೇಗಿದೆ ಅಂತ ಕೇಳಿದೆ. "ಈ ಸಲ ಬೇಸ್ ಕೇಳಿಸುತ್ತೆ" ಅಂದ. 'ಜಸ್ಟಿಸ್' ಕೇಳಿದವರಿಗೆ ಆ ಮಾತಿನ ತೂಕ ಗೊತ್ತು. ತಂಡದ ಹಳೆಯ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಬಂದ ಜೇಸನ್ ನ್ಯೂಸ್ಟೆಡ್‌ನ ಬೇಸ್ ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೂ ಇವತ್ತು ಅದನ್ನು ಮೇರುಕೃತಿ ಅನ್ನುತ್ತಾರೆ.

ಸಂಜೆ ಯೋಹಾನ್ ಕ್ರೈಫ್ ಅರೀನಾದಲ್ಲಿ ವೇದಿಕೆ ಮೈದಾನದ ನಟ್ಟನಡುವೆ ಬಳೆಯಂತೆ ದುಂಡಗೆ ಇತ್ತು. ಬಳೆಯ ಒಳಗೂ ಜನ, ಹೊರಗೂ ಜನ. ವೇದಿಕೆಯ ನಾಲ್ಕು ಕಡೆ ನಾಲ್ಕು ಡ್ರಮ್ ಸೆಟ್, ಲಾರ್ಸ್ ಉಲ್ರಿಕ್ ಒಂದಾದ ಮೇಲೆ ಒಂದಕ್ಕೆ ಹೋಗಿ ಕೂರುತ್ತಿದ್ದ. ವಿಶ್ವ ಪ್ರವಾಸದ ಮೊದಲ ರಾತ್ರಿ ಅದು. ಎರಡು ರಾತ್ರಿಯ ಕಛೇರಿಯಲ್ಲಿ ಒಂದು ಹಾಡೂ ಮರುಕಳಿಸುವುದಿಲ್ಲ ಅನ್ನುವ ನಿಯಮ ಬೇರೆ. ಶುರು ಮಾಡಿದ್ದು ಬರ್ಟನ್‌ನ ಗುರುತು ಹೊತ್ತ, ಮಾತಿಲ್ಲದ 'ಓರಾಯನ್'ನಿಂದ. 1986ರದ್ದು ಅದು. ಆ ವರ್ಷದ ಸೆಪ್ಟೆಂಬರ್‌ನಲ್ಲೇ ಸ್ವೀಡನ್‌ನಲ್ಲಿ ಬಸ್ ಉರುಳಿ ಬರ್ಟನ್ ಸತ್ತ, ಇಪ್ಪತ್ತನಾಲ್ಕನೇ ವಯಸ್ಸಿಗೆ. ನನ್ನ ಗೆಳೆಯ ಕಣ್ಣು ಮುಚ್ಚಿ ನಿಂತಿದ್ದ. ಹೊಸದರಲ್ಲಿ ಮೂರು ಹಾಡು ಬಂದವು. 'ಲಕ್ಸ್ ಎಟರ್ನಾ' ಮೂರೂವರೆ ನಿಮಿಷದೊಳಗೆ ಮುಗಿಯುವ ಹಾಡು, ಅದಕ್ಕೆ ಇಡೀ ಮೈದಾನ ಕುಣಿಯಿತು. 'ಸ್ಲೀಪ್‌ವಾಕ್ ಮೈ ಲೈಫ್ ಅವೇ'ಗೆ ನನ್ನ ಮುಂದಿನ ಸಾಲಿನವರು ಬಿಯರ್ ತರಲು ಹೋದರು. ಅದನ್ನೂ ಮುಚ್ಚಿಡುವುದಿಲ್ಲ.

2011ರ ಅಕ್ಟೋಬರ್ 30 ನೆನಪಾಯಿತು. ಎರಡು ದಿನ ಮುಂಚೆ ಮೆಟಾಲಿಕಾದ ಗುರುಗ್ರಾಮದ ಕಛೇರಿ ರದ್ದಾಗಿತ್ತು, ಬೆಂಗಳೂರಿನದಾದರೂ ನಡೆಯುತ್ತದೋ ಇಲ್ಲವೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅರಮನೆ ಮೈದಾನದ ಕೆಸರಿನಲ್ಲಿ ನಿಂತಾಗ ನಮಗೆ ಯಾವ ಆಲ್ಬಂ ಯಾವುದಕ್ಕಿಂತ ಮೇಲು ಅನ್ನುವ ಯೋಚನೆಯೇ ಇರಲಿಲ್ಲ. ಅವರು ನಮ್ಮೂರಿಗೆ ಬಂದಿದ್ದರು, ಅಷ್ಟೇ. ಇಲ್ಲಿನವರು ಅವರನ್ನು ನಲವತ್ತು ವರ್ಷದಿಂದ ನೋಡುತ್ತಾ ಬಂದಿದ್ದಾರೆ. ಅದಕ್ಕೇ ಮನೆಯವರನ್ನು ಬೈದಂತೆ ಬೈಯುತ್ತಾರೆ. ಈಗ ನಾನೂ ಹಾಗೆ ಬೈಯಬಲ್ಲೆ. ಈ ದೇಶಕ್ಕೆ ಬಂದು ಇಷ್ಟು ವರ್ಷದಲ್ಲಿ ಅಪರಿಚಿತರ ಜೊತೆ ನಾನು ಹೊತ್ತು ಮರೆತು ಮಾತಾಡಿದ್ದು ಆ ರೈಲಿನಲ್ಲೇ ಮೊದಲು.

ವಾಪಸು ಬರುವಾಗಲೂ ಗೆಳೆಯ ಪಟ್ಟು ಬಿಡಲಿಲ್ಲ. ಅವನು ತೆಗೆಯಬೇಕು ಅನ್ನುವ ಪಟ್ಟಿಯಲ್ಲಿ 'ಇನಮೊರಾಟಾ'ವೂ ಇದೆ. ನಾನು ಅದಕ್ಕೆ ಇನ್ನೂ ಒಪ್ಪಿಲ್ಲ, ಸೋಮವಾರದ ಊಟದ ಹೊತ್ತಿಗೆ ಮತ್ತೆ ಶುರುವಾಗುತ್ತದೆ.

ಅವತ್ತು ಅರಮನೆ ಮೈದಾನದಲ್ಲಿ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆಲ್ಬಂ ಒಮ್ಮೆ ಪೂರ್ತಿ ಕೇಳಿ, ನೀವು ಯಾವ ಮೂರು ತೆಗೆಯುತ್ತೀರಿ ಅಂತ ಬರೆಯಿರಿ. ಅವನಿಗೆ ಓದಿ ಹೇಳುತ್ತೇನೆ. ಕೊನೆಯ ಹಾಡನ್ನು ಮಾತ್ರ ರಾತ್ರಿ, ದೀಪ ಆರಿಸಿ ಕೇಳಿ.