ಡಾಕ್ಟರು ನನ್ನನ್ನೇ ಕೇಳಿದರು

ವೀಸಾ ಅರ್ಜಿ ಹಾಕುವಾಗಲೇ ಬ್ರಿಟನ್ ಸರ್ಕಾರ ಆಸ್ಪತ್ರೆಯ ದುಡ್ಡನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುತ್ತದೆ. 2024ರಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ನಮ್ಮದು ಮೂರು ವರ್ಷದ ವೀಸಾ. ಗಂಡನ ಪಾಲನ್ನು ಇವರ ಕಂಪನಿ ಕೊಟ್ಟಿತು. ನನ್ನ 3,105 ಪೌಂಡನ್ನು ನಾವೇ ಹೊಂದಿಸಿದೆವು, ಮೂರು ಲಕ್ಷ ರೂಪಾಯಿಗೂ ಜಾಸ್ತಿ. ದುಡ್ಡಿನ ಮಾತು ಮೊದಲೇ ಎತ್ತಲು ಕಾರಣ ಇದೆ. ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದ ಮೇಲೆ ನನ್ನ ಮನಸ್ಸು ಕುಸಿಯತೊಡಗಿದಾಗ, ಗಂಡನ ಕೆಲಸದ ಮೇಲೆ ಬಂದವಳು ನಾನು, ಇಲ್ಲಿನ ಡಾಕ್ಟರ ಹತ್ತಿರ ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನುವ ಸಂಕೋಚವೇ ದೊಡ್ಡದಾಗಿತ್ತು. ಯಾರ ದಯೆಯೂ ಅಲ್ಲ ಅದು. ನನ್ನ ಹೆಸರಿನಲ್ಲೇ ಕಟ್ಟಿದ ದುಡ್ಡು.

ಬೆಂಗಳೂರಿನಲ್ಲಿದ್ದಾಗಲೇ ನನಗೆ ಡಿಪ್ರೆಷನ್‌ಗೆ ಚಿಕಿತ್ಸೆ ನಡೆಯುತ್ತಿತ್ತು. ದಾವಣಗೆರೆಯ ನಮ್ಮ ಮನೆಯಲ್ಲಿ ಅಮ್ಮನನ್ನು ಬಿಟ್ಟರೆ ಯಾರಿಗೂ ಇದು ಗೊತ್ತಿಲ್ಲ. ನಮ್ಮ ಕಡೆ 'ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು' ಅನ್ನುವುದು ಇವತ್ತಿಗೂ ಬೈಗುಳ ಅಲ್ವಾ? ಸಾವಿರಾರು ಮನೆಗಳ ಕಣ್ಣೀರು ಒರೆಸಿದ ಆಸ್ಪತ್ರೆಯ ಹೆಸರು ಹೀಗೆ ಬೈಗುಳವಾಗಿದ್ದು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೊರಡುವ ಮುಂಚೆ ಬೆಂಗಳೂರಿನ ಡಾಕ್ಟರು ಮೂರು ತಿಂಗಳ ಮಾತ್ರೆ ಬರೆದುಕೊಟ್ಟರು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ. ಕಾಯಿಲೆ ಏನು, ಮಾತ್ರೆ ಯಾವಾಗಿನಿಂದ, ಎಷ್ಟು ಮಿಲಿಗ್ರಾಂ, ಎಲ್ಲ ಅದರಲ್ಲಿತ್ತು. ಮಾತ್ರೆಯ ಹೆಸರನ್ನು ಸರ್ಟ್ರಾಲಿನ್ ಎಂದೇ ಬರೆದಿದ್ದರು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಸ್ಟ್ರಿಪ್‌ಗಳ ಮೇಲಿನ ಕಂಪನಿ ಹೆಸರು ಹೊರದೇಶದಲ್ಲಿ ಯಾರಿಗೂ ಗೊತ್ತಾಗುವುದಿಲ್ಲವಂತೆ. 'ಮಾತ್ರೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಬೇಡಿ, ತಲೆ ಸುತ್ತು, ನಿದ್ದೆಗೇಡು ಶುರುವಾಗುತ್ತೆ. ಅಲ್ಲಿಗೆ ಹೋದ ವಾರವೇ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಳ್ಳಿ' ಅಂದಿದ್ದರು. ಆ ಒಂದು ಹಾಳೆಯಿಂದ ನನಗಾದ ಉಪಕಾರ ಅಷ್ಟಿಷ್ಟಲ್ಲ.

ಇಂಗ್ಲೆಂಡಿನಲ್ಲಿ ನೇರವಾಗಿ ಮಾನಸಿಕ ತಜ್ಞರ ಹತ್ತಿರ ಹೋಗುವ ರೂಢಿ ಇಲ್ಲ. ಮೊದಲು ಮನೆ ಹತ್ತಿರದ ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಸಾಮಾನ್ಯ ಡಾಕ್ಟರ ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಬೇಕು. ನಾನು ಹೋದ ಕಡೆ ರಿಸೆಪ್ಷನ್‌ನಲ್ಲಿ ವಿಳಾಸದ ಪುರಾವೆ ಕೇಳಿದರು. ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಬ್ಯಾಂಕಿನ ಕಾಗದ ಎಲ್ಲವೂ ಇವರ ಹೆಸರಿನಲ್ಲಿ. ನನ್ನ ಹೆಸರಿನ ಒಂದು ಚೂರು ಕಾಗದವೂ ಈ ದೇಶದಲ್ಲಿರಲಿಲ್ಲ. ವಾಪಸ್ ಬಂದೆ. ಡಿಸೆಂಬರ್ ತಿಂಗಳು. ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಿದ್ದ. ಇವರು ಕೆಲಸದಿಂದ ಬರುವವರೆಗೂ ದೀಪ ಹಾಕದೆ ಸುಮ್ನೆ ಕೂತಿರುತ್ತಿದ್ದೆ. ಡಬ್ಬಿಯಲ್ಲಿ ಮಾತ್ರೆ ಕಡಿಮೆಯಾಗುತ್ತಿತ್ತು.

ನಮ್ಮ ಬೀದಿಯಲ್ಲೇ ಮಂಗಳೂರಿನ ನರ್ಸ್ ಅಕ್ಕ ಒಬ್ಬರಿದ್ದರು. ಅವರಿಗೆ ಹೇಳಿದೆ. 'ಅದು ಹೇಗೆ ಇಲ್ಲ ಅಂತಾರೆ ಮಾರಾಯ್ತಿ? ವಿಳಾಸದ ಕಾಗದ ಇಲ್ಲ ಅಂತ ಹೆಸರು ಬರೆದುಕೊಳ್ಳದೆ ಇರುವ ಹಾಗಿಲ್ಲ. ಎನ್‌ಎಚ್‌ಎಸ್ ವೆಬ್‌ಸೈಟಿನಲ್ಲೇ ಉಂಟು' ಅಂತ ಮೊಬೈಲ್‌ನಲ್ಲಿ ಆ ಪುಟ ತೆಗೆದು ತೋರಿಸಿದರು. ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಅದನ್ನೇ ಹಿಡಿದುಕೊಂಡು ಮತ್ತೆ ಹೋದೆ. ಈ ಸಲ ಮಾತಿಲ್ಲದೆ ಫಾರ್ಮ್ ಕೊಟ್ಟರು. ಹುಷಾರಿಲ್ಲದವರಿಗೆ ಹೀಗೆ ಎರಡನೇ ಸಲ ಹೋಗಿ ಕೇಳುವ ಶಕ್ತಿ ಎಲ್ಲಿರುತ್ತದೆ? ಅಕ್ಕ ಇಲ್ಲದಿದ್ದರೆ ನಾನಂತೂ ಹೋಗುತ್ತಿರಲಿಲ್ಲ.

ಡಾಕ್ಟರನ್ನು ನೋಡುವ ದಿನ ಇವರು ರಜೆ ಹಾಕಿ ಜೊತೆಗೆ ಬಂದರು. ನನ್ನ ಇಂಗ್ಲಿಷ್ ಕೆಲಸಕ್ಕೆ, ಅಂಗಡಿಗೆ ಸಾಕು. ಆದರೆ ಎದೆಯೊಳಗಿನ ಭಾರ, ಯಾಕೆ ಬದುಕಬೇಕು ಅನ್ನಿಸುವ ಹೊತ್ತು, ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬರುವುದಿಲ್ಲ. ಡಾಕ್ಟರು ಕೇಳಿದ್ದಕ್ಕೆಲ್ಲ ಇವರೇ ಉತ್ತರ ಕೊಡತೊಡಗಿದರು. ಮನೆ ನೆನಪು, ಚಳಿ, ಗೆಳತಿಯರಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಕಷ್ಟವಾಗಬಾರದು ಅಂತಲೇ ಮಾತಾಡಿದರು. ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ನಿಮ್ಮ ಜೊತೆ ಒಬ್ಬರೇ ಮಾತಾಡಬೇಕು, ನಿಮಗೆ ಒಪ್ಪಿಗೆಯಾ ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಎದ್ದು ಹೊರಗೆ ಹೋದರು.

ಬಾಗಿಲು ಹಾಕಿದ ಮೇಲೆ ಡಾಕ್ಟರು ಮೂರು ವಿಷಯ ಹೇಳಿದರು. ನೀವು ಇಲ್ಲಿ ಹೇಳಿದ್ದನ್ನು ನಿಮ್ಮನ್ನು ಕೇಳದೆ ಗಂಡನಿಗೆ ಹೇಳುವುದಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆ. ಗಂಡನ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಭಾಷೆಯವರು ಬೇಕಾದರೆ ದುಭಾಷಿಯನ್ನು ನಾವೇ ಕರೆಸುತ್ತೇವೆ, ಅದಕ್ಕೆ ದುಡ್ಡಿಲ್ಲ. ನಾನು ಅತ್ತುಬಿಟ್ಟೆ. ಈ ದೇಶಕ್ಕೆ ಬಂದ ಮೇಲೆ ಯಾವ ಮೇಜಿನ ಮುಂದೆ ಕೂತರೂ ಇವರ ಹೆಸರು ಮೊದಲು ಬಂದು, ಆಮೇಲೆ ನಾನು ಬರುತ್ತಿದ್ದೆ. ಇಲ್ಲಿ ನನ್ನದೇ ಎನ್‌ಎಚ್‌ಎಸ್ ನಂಬರು, ನನ್ನದೇ ಫೈಲು. ಮುರುಕಲು ಇಂಗ್ಲಿಷಿನಲ್ಲೇ ಎಲ್ಲ ಹೇಳಿದೆ. ಅವರು ಬೆಂಗಳೂರಿನ ಪತ್ರ ಓದಿ ಅದೇ ಮಾತ್ರೆ ಮುಂದುವರಿಸಿದರು. ಫಾರ್ಮಸಿಯಲ್ಲಿ 9.90 ಪೌಂಡ್ ಕೊಟ್ಟೆ. ಇಂಗ್ಲೆಂಡಿನಲ್ಲಿ ಯಾವ ಔಷಧಿಯಾದರೂ ಒಂದು ಬಗೆಗೆ ಅಷ್ಟೇ.

ಮಾತಿನ ಚಿಕಿತ್ಸೆಗೆ ಡಾಕ್ಟರ ಚೀಟಿ ಕೂಡ ಬೇಕಿಲ್ಲ. ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಅಂತ ಇದೆ, ಆನ್‌ಲೈನ್‌ನಲ್ಲಿ ನಾವೇ ಹೆಸರು ಕೊಡಬಹುದು. ಫೋನ್ ಮಾಡಿ ಒಂಬತ್ತು ಪ್ರಶ್ನೆ ಡಿಪ್ರೆಷನ್ ಬಗ್ಗೆ, ಏಳು ಪ್ರಶ್ನೆ ಆತಂಕದ ಬಗ್ಗೆ ಕೇಳುತ್ತಾರೆ. ಕಳೆದ ಎರಡು ವಾರದಲ್ಲಿ ಹೀಗೆ ಎಷ್ಟು ದಿನ ಅನ್ನಿಸಿತು, ಅಂತ. ಮೊದಲ ಫೋನು ಬೇಗ ಬಂತು. ನಿಜವಾದ ಚಿಕಿತ್ಸೆಗೆ ತುಂಬಾ ಕಾಯಬೇಕಾಯಿತು. ಆ ಕಾಯುವಿಕೆ ಕ್ರೂರವಾದದ್ದು, ಅದನ್ನು ಮುಚ್ಚಿಡಲಾರೆ.

ಕನ್ನಡ ದುಭಾಷಿಯ ವಿಷಯದಲ್ಲಿ ನನಗೆ ಬೇರೆಯೇ ಭಯ ಇತ್ತು. ಇಲ್ಲಿ ಕನ್ನಡದವರು ಕಡಿಮೆ. ಯುಗಾದಿ, ರಾಜ್ಯೋತ್ಸವಕ್ಕೆ ಎಲ್ಲರೂ ಒಂದೇ ಹಾಲ್‌ನಲ್ಲಿ ಸೇರುತ್ತೇವೆ. ನನ್ನ ಮಾತು ಕೇಳಿದವರು ನಾಳೆ ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತರೆ? ಇದನ್ನು ಥೆರಪಿಸ್ಟ್‌ಗೆ ಹೇಳಿದೆ. ಫೋನಿನಲ್ಲಿ, ಬೇರೆ ಊರಿನವರನ್ನು ಕೊಡಿಸಿದರು. ಆ ಹೆಂಗಸಿನ ಮುಖ ನಾನು ನೋಡಿಲ್ಲ. ಆದರೆ 'ಜೀವಕ್ಕೆ ಬೇಜಾರಾಗಿದೆ' ಅಂದದ್ದನ್ನು ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ಥೆರಪಿಸ್ಟ್ ನನ್ನಿಂದ ದಿನದ ಒಂದು ಪಟ್ಟಿ ಮಾಡಿಸಿದ್ದಾರೆ. ಮಧ್ಯಾಹ್ನ ಕತ್ತಲಾಗುವ ಮೊದಲು ಥೇಮ್ಸ್ ದಂಡೆಗೆ ನಡೆದು ಬರುವುದು, ವಾರಕ್ಕೊಮ್ಮೆ ಲೈಬ್ರರಿಯ ಇಂಗ್ಲಿಷ್ ಗುಂಪಿಗೆ ಹೋಗುವುದು. ಒಂದೊಂದು ದಿನ ಆಗುವುದಿಲ್ಲ. ತೀರಾ ಕೆಟ್ಟ ರಾತ್ರಿ ಬಂದರೆ 111ಕ್ಕೆ ಫೋನ್ ಮಾಡಿ 2 ಒತ್ತಬೇಕು ಎಂದು ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇವೆ. ಮಾನಸಿಕ ತುರ್ತಿಗೆ ಅಂತಲೇ ಇರುವ ದಾರಿ ಅದು, ಹಗಲು ರಾತ್ರಿ ಸಿಗುತ್ತಾರೆ. ಆ ಚೀಟಿ ಬರೆದದ್ದು ಇವರು. ಹೋದ ವಾರ ಇವರೂ ಆ ಆನ್‌ಲೈನ್ ಫಾರ್ಮ್ ತುಂಬಿದ್ದಾರೆ. ಹೊಸ ಕೆಲಸ, ಹೊಸ ದೇಶ, ಮನೆಯಲ್ಲಿ ನಾನು ಹೀಗೆ, ಅವರಿಗೂ ನಿದ್ದೆ ಬಂದು ಎಷ್ಟೋ ದಿನವಾಗಿತ್ತು. ಮೊದಲ ಫೋನ್ ಬರುವುದನ್ನು ಕಾಯುತ್ತಿದ್ದಾರೆ.